ಡಬ್ಬ ಬಿಚ್ಚುವ ಮೊದಲೇ ಆದ ಖರ್ಚು: ಫೋನ್, ಕ್ಲೌಡ್ ಮತ್ತು ಇ-ಕಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯಲ್ಲಿ ವರ್ಷಕ್ಕೆ ಎರಡು ಸಲ, ಭಾನುವಾರ ಬೆಳಿಗ್ಗೆ, ಪಾರ್ಕಿನ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಹಳೇ ಎಲೆಕ್ಟ್ರಾನಿಕ್ ಸಾಮಾನು ಸಂಗ್ರಹಿಸುತ್ತೇವೆ. ಕೆಟ್ಟ ಫೋನ್, ಚಾರ್ಜರ್, ಒಡೆದ ಕೀಬೋರ್ಡ್, ಒಮ್ಮೊಮ್ಮೆ ಇಡೀ ಡಬ್ಬಾ ಟಿವಿ. ತಂದವರು ಕೊಟ್ಟು ಹಾಗೇ ಹೋಗುವುದಿಲ್ಲ, ನಿಂತು ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳು. ಅಲ್ಲಿ ಗಡಿಬಿಡಿಯಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ನನ್ನ ಫೋನ್ ಹೊಗೆ ಬಿಡಲ್ಲ, ಪೆಟ್ರೋಲ್ ಕುಡಿಯಲ್ಲ. ಅದರಿಂದ ಪರಿಸರಕ್ಕೆ ಏನು ತೊಂದರೆ?

ನಿಮ್ಮ ಕೈಯಲ್ಲಿರುವಾಗ ತೊಂದರೆ ಕಡಿಮೆಯೇ. ಲೆಕ್ಕ ಹಾಕೋಣ. 5,000 ಎಂಎಎಚ್ ಬ್ಯಾಟರಿಯನ್ನು ದಿನಾ ಒಂದು ಸಲ ತುಂಬಿಸಿದರೆ, ಚಾರ್ಜರ್ ಬಿಸಿಯಾಗಿ ಪೋಲಾಗುವುದೂ ಸೇರಿ, ವರ್ಷಕ್ಕೆ 8 ಯೂನಿಟ್ ಆಸುಪಾಸು ಕರೆಂಟ್ ಬೇಕು. ನಮ್ಮ ದೇಶದಲ್ಲಿ ಕರೆಂಟಿಗೆ ಕಲ್ಲಿದ್ದಲು ಸುಡುವುದೇ ಜಾಸ್ತಿ, ಹಾಗಾಗಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ವರ್ಷಕ್ಕೆ ಐದಾರು ಕೆಜಿ ಆಯಿತು.

ಈಗ ಇನ್ನೊಂದು ಕಡೆ ನೋಡಿ. ಆಪಲ್ ಕಂಪನಿ ತನ್ನ ಫೋನ್‌ಗಳಿಗೆ ಪರಿಸರ ವರದಿ ಪ್ರಕಟಿಸುತ್ತದೆ. ಅದರ ಪ್ರಕಾರ ಒಂದು ಐಫೋನ್ ಹುಟ್ಟಿದಾಗಿನಿಂದ ಕಸವಾಗುವವರೆಗೆ 60 ಕೆಜಿ ಆಸುಪಾಸು ಇಂಗಾಲದ ಡೈಆಕ್ಸೈಡ್ (ಮುಂದೆ ಚಿಕ್ಕದಾಗಿ ಇಂಗಾಲ) ಹೊರಬೀಳುತ್ತದೆ, ಮತ್ತು ಅದರಲ್ಲಿ ಐದರಲ್ಲಿ ನಾಲ್ಕು ಪಾಲು ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ಹತ್ತಿರ ಹತ್ತಿರ 50 ಕೆಜಿ! ನೀವು ಡಬ್ಬ ಬಿಚ್ಚಿ, ಪ್ಲಾಸ್ಟಿಕ್ ಹಾಳೆ ಕಿತ್ತು, ಮೊದಲ ಸಲ ಆನ್ ಮಾಡುವ ಮುಂಚೆಯೇ ಎಂಟೊಂಬತ್ತು ವರ್ಷ ಚಾರ್ಜ್ ಮಾಡಿದಷ್ಟು ಹಾನಿ ಮುಗಿದಿರುತ್ತದೆ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಲೆಕ್ಕದ ಮೇಲೇ ನಿಂತಿವೆ.

ಅಂಥದ್ದೇನಿದೆ ಇಷ್ಟು ಚಿಕ್ಕ ಫೋನ್ ಒಳಗೆ?

ತೂಕ 200 ಗ್ರಾಂ. ಅಷ್ಟರಲ್ಲೇ ಸುಮಾರು 60 ಬಗೆಯ ಮೂಲಧಾತುಗಳಿವೆ. ಶಾಲೆಯಲ್ಲಿ ಗೋಡೆ ಮೇಲೆ ತೂಗುಹಾಕಿದ್ದ ಆ ದೊಡ್ಡ ಕೋಷ್ಟಕದ ಅರ್ಧಕ್ಕಿಂತ ಹೆಚ್ಚು ನಿಮ್ಮ ಜೇಬಿನಲ್ಲಿದೆ. ಅವು ಒಂದೇ ಊರಿನಿಂದ ಬರುವುದಿಲ್ಲ.

ಬ್ಯಾಟರಿಯ ಕೋಬಾಲ್ಟ್ ತೆಗೆದುಕೊಳ್ಳಿ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಶೇ 70ಕ್ಕೂ ಹೆಚ್ಚು ಆಫ್ರಿಕಾದ ಕಾಂಗೊ ದೇಶದ್ದು, ಮುಖ್ಯವಾಗಿ ಕೊಲ್ವೇಜಿ ಪಟ್ಟಣದ ಸುತ್ತಮುತ್ತಲಿನದು. ಅಲ್ಲಿ ದೊಡ್ಡ ಕಂಪನಿಗಳ ಗಣಿಗಳೂ ಇವೆ, ಗುದ್ದಲಿ ಹಿಡಿದು ಕೈಯಿಂದಲೇ ಗುಂಡಿ ತೋಡುವ ಬಡವರೂ ಇದ್ದಾರೆ. ಆ ಗುಂಡಿಗಳಿಗೆ ಆಸರೆ ಇರುವುದಿಲ್ಲ, ಮಣ್ಣು ಕುಸಿದರೆ ಒಳಗಿದ್ದವರು ಒಳಗೇ. ದಕ್ಷಿಣ ಕಾಂಗೊದ ಗಣಿಗಳಲ್ಲಿ ಸುಮಾರು 40,000 ಮಕ್ಕಳು ದುಡಿಯುತ್ತಿದ್ದಾರೆ ಎಂದು 2014ರಲ್ಲಿ ಯುನಿಸೆಫ್ ಅಂದಾಜು ಮಾಡಿತ್ತು. 2016ರಲ್ಲಿ ಮಾನವ ಹಕ್ಕುಗಳ ಆಮ್ನೆಸ್ಟಿ ಸಂಸ್ಥೆ, ಈ ಕೋಬಾಲ್ಟ್ ಯಾರ ಯಾರ ಕೈ ದಾಟಿ ದೊಡ್ಡ ಬ್ರ್ಯಾಂಡ್‌ಗಳ ಬ್ಯಾಟರಿ ಸೇರುತ್ತದೆ ಎಂದು ಎಳೆ ಎಳೆಯಾಗಿ ತೋರಿಸಿದ ಮೇಲೆ ಕಂಪನಿಗಳು ಉತ್ತರ ಕೊಡಲೇಬೇಕಾಯಿತು. ಆಮೇಲೆ ಕೆಲವು ಬ್ಯಾಟರಿಗಳಲ್ಲಿ ಕೋಬಾಲ್ಟ್ ಕಡಿಮೆಯಾಗಿದೆ. ಆದರೆ ಫೋನ್ ಬ್ಯಾಟರಿಗಳಲ್ಲಿ ಇನ್ನೂ ಇದೆ.

ಲಿಥಿಯಂ ಬಹಳಷ್ಟು ಬರುವುದು ಆಸ್ಟ್ರೇಲಿಯಾದ ಬಂಡೆಗಳಿಂದ ಮತ್ತು ಚಿಲಿಯ ಅಟಕಾಮಾ ಮರುಭೂಮಿಯಿಂದ. ಅಟಕಾಮಾದಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲಕ್ಕೆತ್ತಿ, ವಿಶಾಲವಾದ ಕಟ್ಟೆಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಸಿಲಿಗೆ ಒಣಗಿಸುತ್ತಾರೆ. ನಮ್ಮ ಉಪ್ಪಿನ ಗದ್ದೆ ನೆನಪಿಸಿಕೊಳ್ಳಿ, ಆದರೆ ಇದು ಜಗತ್ತಿನ ಅತ್ಯಂತ ಒಣ ಜಾಗಗಳಲ್ಲೊಂದು. ಅಲ್ಲಿನ ಮೂಲನಿವಾಸಿಗಳು ತಮ್ಮ ನೀರಿನ ಸೆಲೆಗಳ ಬಗ್ಗೆ ವರ್ಷಗಟ್ಟಲೆಯಿಂದ ದೂರುತ್ತಿದ್ದಾರೆ.

ಸ್ಪೀಕರಿನಲ್ಲಿ, ವೈಬ್ರೇಟ್ ಆಗುವ ಪುಟ್ಟ ಮೋಟರಿನಲ್ಲಿ ನಿಯೋಡಿಮಿಯಂ ಅಯಸ್ಕಾಂತ ಇರುತ್ತದೆ. ಈ ಜಾತಿಯ ಅಪರೂಪದ ಲೋಹಗಳಿಗೆ ಚೀನಾದ ಒಳ ಮಂಗೋಲಿಯಾದ ಬಯಾನ್ ಓಬೊ ಗಣಿ ಹೆಸರುವಾಸಿ. ಆ ಅದಿರಿನ ಜೊತೆ ವಿಕಿರಣ ಸೂಸುವ ಥೋರಿಯಂ ಕೂಡ ಬರುತ್ತದೆ. ಅದಿರು ತೊಳೆದು ಉಳಿದ ಕೆಸರನ್ನು ಬಾವೊತೊ ನಗರದ ಹತ್ತಿರ ಒಂದು ದೊಡ್ಡ ಕಟ್ಟೆಯಲ್ಲಿ ದಶಕಗಳಿಂದ ತುಂಬುತ್ತಾ ಬಂದಿದ್ದಾರೆ. ಬೆಸುಗೆಗೆ ಬೇಕಾದ ತವರಕ್ಕಾಗಿ ಇಂಡೋನೇಷ್ಯಾದ ಬಂಗ್ಕಾ ದ್ವೀಪದಲ್ಲಿ ಸಮುದ್ರದ ತಳವನ್ನೇ ಬಗೆಯುತ್ತಾರೆ, ಹವಳದ ದಿಬ್ಬಗಳು ಕೆಸರಿನಡಿ ಹೂತುಹೋಗುತ್ತವೆ.

ಒಂದೊಂದು ಫೋನಿಗೆ ಇವೆಲ್ಲ ಬೇಕಾಗುವುದು ಚಿಟಿಕೆಯಷ್ಟು. ಆದರೆ ಆ ಚಿಟಿಕೆ ಸಿಗಲು ಗುಡ್ಡ ಅಗೆಯಬೇಕು.

ಕೋಲಾರದ ಚಿನ್ನಕ್ಕೂ ಫೋನಿಗೂ ಸಂಬಂಧ ಇದೆಯಾ?

ಕೆಜಿಎಫ್‌ನ ಚಿನ್ನ ನಿಮ್ಮ ಫೋನಿನಲ್ಲಿದೆ ಎಂದು ಹೇಳಲಾರೆ. ಆದರೆ ಗಣಿ ಅಂದರೆ ಏನು, ಅದು ಮುಗಿದ ಮೇಲೆ ಏನು ಉಳಿಯುತ್ತದೆ ಅನ್ನುವುದನ್ನು ಕನ್ನಡಿಗರಿಗೆ ತೋರಿಸಲು ಕೆಜಿಎಫ್‌ಗಿಂತ ಹತ್ತಿರದ ಜಾಗ ಇಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರುಮಾಡಿತು. ಈ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ವಿದ್ಯುತ್ ತಂತಿ ಎಳೆದರು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಸಿಕ್ಕಿತು. ಮೊದಮೊದಲು ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಸಿಗುತ್ತಿತ್ತು, ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿಯಿತು. ಸುರಂಗ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿತ್ತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಕೆಲಸ ಹೋಯಿತು. ಉಳಿದದ್ದು ಸಯನೈಡ್ ದಿಬ್ಬಗಳು. ಪುಡಿಮಾಡಿದ ಅದಿರಿನಿಂದ ಚಿನ್ನ ಬಿಡಿಸಲು ಸಯನೈಡ್ ಬಳಸುತ್ತಿದ್ದರು, ಹಾಗೆ ಬಳಸಿ ಬಿಸಾಡಿದ ಮೂರು ಕೋಟಿ ಟನ್‌ಗೂ ಹೆಚ್ಚು ಪುಡಿ ಇವತ್ತಿಗೂ ಗುಡ್ಡಗಳಾಗಿ ನಿಂತಿದೆ, ಗಾಳಿ ಬೀಸುವ ತಿಂಗಳಲ್ಲಿ ಆ ದೂಳು ಮನೆಯೊಳಗೆ, ಊಟದ ತಟ್ಟೆಗೆ ಬರುತ್ತದೆ.

ಈಗ ಅದೇ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ಸಾವಿರಾರು ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿದೆ, ಅದು ಸಣ್ಣ ಮಾತಲ್ಲ. ಆ ಫೋನ್‌ಗಳ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಚಿನ್ನದ ಲೇಪ ಇರುತ್ತದೆ, ಯಾಕೆಂದರೆ ಚಿನ್ನ ತುಕ್ಕು ಹಿಡಿಯುವುದಿಲ್ಲ, ಕರೆಂಟ್ ಚೆನ್ನಾಗಿ ಹರಿಯುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕದಲ್ಲಿ 10 ಲಕ್ಷ ಹಳೇ ಫೋನ್‌ಗಳಿಂದ ಸುಮಾರು 34 ಕೆಜಿ ಚಿನ್ನ, 350 ಕೆಜಿ ಬೆಳ್ಳಿ, 16 ಟನ್ ತಾಮ್ರ ತೆಗೆಯಬಹುದು. ಒಂದು ಟನ್ ಹಳೇ ಫೋನ್ ಅಂದರೆ ಇನ್ನೂರು ಮುನ್ನೂರು ಗ್ರಾಂ ಚಿನ್ನ. ಕೆಜಿಎಫ್‌ನ ಕೊನೆಗಾಲದ ಅದಿರಿಗಿಂತ ಎಷ್ಟು ಪಟ್ಟು ಜಾಸ್ತಿ ಎಂದು ನೀವೇ ನೋಡಿ. ನಿಮ್ಮ ಬೀರುವಿನಲ್ಲಿ ಬಿದ್ದಿರುವ ಹಳೇ ಫೋನ್ ಒಳ್ಳೆಯ ಅದಿರು.

ಜಪಾನಿನವರು ಇದನ್ನು ಮಾಡಿ ತೋರಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳ ಲೋಹ ಪೂರ್ತಿ ಇ-ಕಸದಿಂದಲೇ ಬಂತು. ಎರಡು ವರ್ಷ ಊರೂರಲ್ಲಿ ಡಬ್ಬ ಇಟ್ಟು 62 ಲಕ್ಷ ಫೋನ್ ಮತ್ತು ಹತ್ತಾರು ಸಾವಿರ ಟನ್ ಬೇರೆ ಸಾಮಾನು ಸಂಗ್ರಹಿಸಿದರು, 32 ಕೆಜಿ ಚಿನ್ನ ಸಿಕ್ಕಿತು. ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಆ ಪದಕವೂ ಹೀಗೇ ಆದದ್ದು.

ಚಿಪ್ ಮಾಡೋಕೆ ನೀರು ಯಾಕೆ ಬೇಕು? ಅದೇನು ಬಟ್ಟೆ ಗಿರಣಿನಾ?

ಬಟ್ಟೆ ಗಿರಣಿಗಿಂತ ಜಾಸ್ತಿ ತೊಳೆಯುವ ಕೆಲಸ ಅದು. ಸಿಲಿಕಾನ್ ಬಿಲ್ಲೆಯ ಮೇಲೆ ಪದರ ಹಚ್ಚುವುದು, ಕೆತ್ತುವುದು, ತೊಳೆಯುವುದು, ಮತ್ತೆ ಹಚ್ಚುವುದು. ಹೀಗೆ ನೂರಾರು ಹಂತ. ಒಂದು ಕಣ ದೂಳು ಉಳಿದರೂ ಚಿಪ್ ಹಾಳು. ಅದಕ್ಕೆ ಮಾಮೂಲಿ ನೀರು ಆಗುವುದಿಲ್ಲ, ಒಂದಿಷ್ಟೂ ಲವಣ ಇಲ್ಲದ ಅತಿ ಶುದ್ಧ ನೀರೇ ಬೇಕು, ಮತ್ತು ಅಂಥ ಒಂದು ಲೀಟರ್ ನೀರು ಮಾಡಲು ಸುಮಾರು ಒಂದೂವರೆ ಲೀಟರ್ ಮಾಮೂಲಿ ನೀರು ಹಿಡಿಯುತ್ತದೆ. ಕೆತ್ತನೆಗೆ ಬಳಸುವ ಕೆಲವು ಫ್ಲೋರಿನ್ ಅನಿಲಗಳು ಸೋರಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತವೆ.

2002ರಲ್ಲಿ ಸಂಶೋಧಕ ಎರಿಕ್ ವಿಲಿಯಮ್ಸ್ ಮತ್ತು ಜೊತೆಗಾರರು ಬರೀ 2 ಗ್ರಾಂ ತೂಕದ ಮೆಮೊರಿ ಚಿಪ್ಪಿನ ಲೆಕ್ಕ ಹಾಕಿದ್ದರು. ಅದನ್ನು ತಯಾರಿಸಿ ಬಳಸಲು ಕಲ್ಲಿದ್ದಲು, ತೈಲದಂಥ ಇಂಧನ ಒಟ್ಟು 1,600 ಗ್ರಾಂ, ರಾಸಾಯನಿಕ 72 ಗ್ರಾಂ. ತಯಾರಿಕೆಗೆ 32 ಕೆಜಿ ನೀರು. ಆಮೇಲೆ ಚಿಪ್ಪುಗಳು ಬಹಳ ಬದಲಾಗಿವೆ, ಆದರೂ ಎರಡು ಗ್ರಾಂ ಹಿಂದೆ ಎಷ್ಟು ತೂಕ ಅಡಗಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ತೈವಾನಿನ ಕಥೆ ಕೇಳಿ. ಜಗತ್ತಿನ ಅತಿ ಸೂಕ್ಷ್ಮ ಚಿಪ್ಪುಗಳಲ್ಲಿ ಹೆಚ್ಚಿನವು ಅಲ್ಲಿನ ಚಿಪ್ ಕಂಪನಿಯಾದ ಟಿಎಸ್‌ಎಂಸಿ ಕಾರ್ಖಾನೆಗಳಲ್ಲಿ ಆಗುತ್ತವೆ. 2021ರಲ್ಲಿ ಅಲ್ಲಿ ಅರ್ಧ ಶತಮಾನದಲ್ಲೇ ಕಾಣದ ಬರ ಬಂತು. ಸರ್ಕಾರ ಸಾವಿರಾರು ಹೆಕ್ಟೇರ್ ಗದ್ದೆಗೆ ನೀರು ನಿಲ್ಲಿಸಿ, ಭತ್ತ ಹಾಕಬೇಡಿ ಎಂದು ರೈತರಿಗೆ ಪರಿಹಾರ ಕೊಟ್ಟಿತು. ಕಾರ್ಖಾನೆಗಳೂ ಟ್ಯಾಂಕರ್ ತರಿಸಿಕೊಂಡವು, ಬಳಸಿದ ನೀರಿನಲ್ಲಿ ಬಹುಪಾಲು ಮರುಬಳಕೆಯನ್ನೂ ಮಾಡುತ್ತವೆ, ನಿಜ. ಆದರೂ ನೀರು ಸಾಲದೆ ಬಂದಾಗ ನಾಲೆ ಯಾರ ಕಡೆ ಮುಚ್ಚಿತು ಅನ್ನುವುದು ಕಾವೇರಿ ಬಯಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗ ನಮ್ಮ ದೇಶದಲ್ಲೂ ಚಿಪ್ ಕಾರ್ಖಾನೆ ಕಟ್ಟುತ್ತಿದ್ದಾರೆ. ನೀರು ಎಲ್ಲಿಂದ ಎಂದು ಮೊದಲೇ ಕೇಳುವುದು ಅಭಿವೃದ್ಧಿಗೆ ಅಡ್ಡಗಾಲು ಹಾಕಿದಂತೆ ಆಗುವುದಿಲ್ಲ.

ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆಯಂತಲ್ಲ?

ಸಿಕ್ಕಿದೆ, ಮರಳಗಾಲ ಸುತ್ತಮುತ್ತ. ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್. ಜಗತ್ತಿನ ಲೆಕ್ಕದಲ್ಲಿ ಬಹಳ ಸಣ್ಣದು.

ಕ್ಲೌಡ್ ಅಂತಾರಲ್ಲ, ಅದು ಎಲ್ಲಿದೆ?

ನೆಲದ ಮೇಲೆ. ಕಿಟಕಿ ಇಲ್ಲದ ದೊಡ್ಡ ದೊಡ್ಡ ಗೋದಾಮುಗಳಲ್ಲಿ, ಇವಕ್ಕೇ ಡೇಟಾ ಸೆಂಟರ್ ಅನ್ನುವುದು. ಒಳಗೆ ಬೀರುಗಳ ಸಾಲಿನಂತೆ ನಿಮ್ಮ ಫೋಟೋ, ವಿಡಿಯೊ ಇಟ್ಟುಕೊಂಡಿರುವ ಕಂಪ್ಯೂಟರ್‌ಗಳು, ಅಂದರೆ ಸರ್ವರ್‌ಗಳು, ತಣ್ಣಗಿಡುವ ಯಂತ್ರಗಳು, ಕರೆಂಟ್ ಹೋದರೆ ಅಂತ ಬ್ಯಾಟರಿಗಳು, ಹಿಂದೆ ಸಾಲಾಗಿ ಡೀಸೆಲ್ ಜನರೇಟರ್. ಭಾರತದಲ್ಲಿ ಹೆಚ್ಚಿನವು ಮುಂಬೈ ಮತ್ತು ಚೆನ್ನೈನಲ್ಲಿವೆ, ಸಮುದ್ರದಡಿಯ ಕೇಬಲ್‌ಗಳು ಹೆಚ್ಚಾಗಿ ದಡ ಸೇರುವುದು ಅಲ್ಲೇ. ಬೆಂಗಳೂರಿನಲ್ಲೂ ಇವೆ.

2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ ಕರೆಂಟ್ ಸುಮಾರು 41,500 ಕೋಟಿ ಯೂನಿಟ್ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಭಾರತ ಇಡೀ ವರ್ಷ ಬಳಸುವುದರ ಕಾಲು ಭಾಗದ ಆಸುಪಾಸು. 2030ಕ್ಕೆ ಇದು ಎರಡು ಪಟ್ಟಿಗಿಂತ ಜಾಸ್ತಿ ಆಗಬಹುದು ಎಂದೂ ಅದೇ ಸಂಸ್ಥೆ ಅಂದಾಜು ಮಾಡಿದೆ. ಜಗತ್ತಿನ ಒಟ್ಟು ಕರೆಂಟಿನಲ್ಲಿ ಇದು ಈಗ ಶೇ 1.5 ಮಾತ್ರ. ಆದರೆ ಹೊರೆ ಎಲ್ಲ ಕಡೆ ಹಂಚಿಹೋಗುವುದಿಲ್ಲ, ಒಂದೇ ಕಡೆ ಬೀಳುತ್ತದೆ. ಐರ್ಲೆಂಡಿನಲ್ಲಿ 2023ರಲ್ಲಿ ಡೇಟಾ ಸೆಂಟರ್‌ಗಳೇ ದೇಶದ ಶೇ 21ರಷ್ಟು ಕರೆಂಟ್ ಬಳಸಿದವು, ಅಲ್ಲಿನ ಪಟ್ಟಣಗಳ ಎಲ್ಲ ಮನೆಗಳಿಗಿಂತ ಹೆಚ್ಚು.

2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ 1 ಗಿಗಾವಾಟ್ ಸಾಮರ್ಥ್ಯದ ಕೇಂದ್ರ ಕಟ್ಟುವುದಾಗಿ ಹೇಳಿತು. 1 ಗಿಗಾವಾಟ್ ಅಂದರೆ 1,000 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕಾಗಿ ಲಿಂಗನಮಕ್ಕಿಯಲ್ಲಿ ಎಷ್ಟು ಊರು ಮುಳುಗಿದವು, ಮುಳುಗಡೆಯವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಹೇಗೆ ಅಲೆಯುತ್ತಿದ್ದಾರೆ ಎಂದು ಸಾಗರ, ಹೊಸನಗರದ ಕಡೆಯವರನ್ನು ಕೇಳಿ. ಕ್ಲೌಡ್ ಅನ್ನುವ ಹಗುರ ಮಾತು ಕೇಳಿದಾಗಲೆಲ್ಲ ನನಗೆ ಆ ಹಿನ್ನೀರು ನೆನಪಾಗುತ್ತದೆ.

ಕರೆಂಟಿನ ಜೊತೆ ನೀರೂ ಬೇಕು. ಸರ್ವರ್‌ಗಳ ಬಿಸಿ ತೆಗೆಯಲು ಹಲವು ಕಡೆ ನೀರನ್ನು ಆವಿ ಮಾಡುತ್ತಾರೆ, ಮಣ್ಣಿನ ಹೂಜಿ ತಣ್ಣಗಾಗುವ ಹಾಗೆಯೇ. ನೀರು ಉಳಿಸಲು ಹೋದರೆ ಕರೆಂಟ್ ಜಾಸ್ತಿ ಬೇಕು, ಕರೆಂಟ್ ಉಳಿಸಲು ಹೋದರೆ ನೀರು ಜಾಸ್ತಿ ಬೇಕು. ಅಮೆರಿಕದ ಆರೆಗನ್ ರಾಜ್ಯದ ದಿ ಡ್ಯಾಲ್ಸ್ ಎಂಬ ಪುಟ್ಟ ಊರಿನಲ್ಲಿ ಗೂಗಲ್ ಎಷ್ಟು ನೀರು ಬಳಸುತ್ತದೆ ಎಂದು ಪತ್ರಿಕೆಯೊಂದು ಕೇಳಿದಾಗ, ಅದು ವ್ಯಾಪಾರದ ಗುಟ್ಟು ಎಂದು ಊರಿನ ಆಡಳಿತ ಕೋರ್ಟಿಗೇ ಹೋಯಿತು. ಕೊನೆಗೆ 2022ರಲ್ಲಿ ಅಂಕಿ ಹೊರಬಂತು. ಹಿಂದಿನ ವರ್ಷ ಸುಮಾರು 134 ಕೋಟಿ ಲೀಟರ್, ಊರು ಬಳಸಿದ ನೀರಿನ ಕಾಲು ಭಾಗಕ್ಕಿಂತ ಜಾಸ್ತಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಅಂಥ ಊರಿನಲ್ಲಿ ಹೊಸ ಡೇಟಾ ಸೆಂಟರ್‌ಗೆ ಅನುಮತಿ ಕೊಡುವಾಗ ನೀರಿನ ಲೆಕ್ಕ ಜನರ ಮುಂದೆ ಇಡಬೇಕು. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ವಿಡಿಯೊ ನೋಡೋದು ಬಿಡಬೇಕಾ? ಹಳೇ ಇಮೇಲ್ ಎಲ್ಲ ಅಳಿಸಿದ್ರೆ ಪರಿಸರ ಉಳಿಯುತ್ತಂತೆ?

ಇಮೇಲ್ ಅಳಿಸುತ್ತಾ ಕೂರಬೇಡಿ. ಅದರಿಂದ ಉಳಿಯುವುದು ನಗಣ್ಯ, ಅಷ್ಟು ಹೊತ್ತು ಲ್ಯಾಪ್‌ಟಾಪ್ ಉರಿದದ್ದೇ ಹೆಚ್ಚಾಗಬಹುದು.

ವಿಡಿಯೊ ಬಗ್ಗೆ ಕೂಡ ಭಯಂಕರ ಅಂಕಿಗಳು ಓಡಾಡುತ್ತವೆ. ಅರ್ಧ ಗಂಟೆ ನೋಡಿದರೆ ಒಂದೂವರೆ ಕೆಜಿ ಇಂಗಾಲ ಎಂದು ಒಂದು ಕಾಲಕ್ಕೆ ಎಲ್ಲ ಪತ್ರಿಕೆಗಳಲ್ಲೂ ಬಂತು, ಆಮೇಲೆ ಆ ಲೆಕ್ಕದಲ್ಲಿ ತಪ್ಪಿರುವುದು ಗೊತ್ತಾಯಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತಿದ್ದಿ ಹೇಳಿದ್ದು ಗಂಟೆಗೆ 0.077 ಯೂನಿಟ್. ಹಳೇ ಸೀಲಿಂಗ್ ಫ್ಯಾನ್ ಒಂದು ಗಂಟೆ ತಿರುಗಿದಷ್ಟು. ಅದರಲ್ಲೂ ಹೆಚ್ಚು ಪಾಲು ನಿಮ್ಮ ಮನೆಯ ಟಿವಿಯದೇ. ದೊಡ್ಡ ಟಿವಿ ಬದಲು ಫೋನಿನಲ್ಲಿ ನೋಡಿದರೆ ಇನ್ನೂ ಕಡಿಮೆ. ಸುಮ್ನೆ ತಪ್ಪಿತಸ್ಥ ಭಾವನೆ ಬೇಡ. ಮಕ್ಕಳಿಗೆ ಇಂಥ ಸುಳ್ಳು ಅಂಕಿ ಹೇಳಿ ಹೆದರಿಸುವುದೂ ಬೇಡ, ಒಂದು ಸುಳ್ಳು ಗೊತ್ತಾದರೆ ನಿಜವನ್ನೂ ನಂಬುವುದಿಲ್ಲ.

ಎಐಗೆ ಒಂದು ಪ್ರಶ್ನೆ ಕೇಳಿದ್ರೆ ಅರ್ಧ ಲೀಟರ್ ನೀರು ಖರ್ಚಂತೆ, ನಿಜಾನಾ?

ಆ ಮಾತು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಂಶೋಧಕರ ಒಂದು ಪ್ರಬಂಧದಿಂದ. ಅವರು ಹೇಳಿದ್ದು 10ರಿಂದ 50 ಉತ್ತರಗಳಿಗೆ ಸೇರಿ ಅರ್ಧ ಲೀಟರ್, ಅದೂ ಜಿಪಿಟಿ-3 ಎಂಬ ಹಳೇ ಮಾದರಿಗೆ, ಕರೆಂಟ್ ತಯಾರಿಸುವ ಕಡೆ ಖರ್ಚಾಗುವ ನೀರನ್ನೂ ಸೇರಿಸಿ. ಬಾಯಿಂದ ಬಾಯಿಗೆ ಹೋಗುತ್ತಾ ಒಂದು ಪ್ರಶ್ನೆಗೇ ಅರ್ಧ ಲೀಟರ್ ಆಯಿತು.

2025ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಎಐ ಆದ ಜೆಮಿನಿಯ ಲೆಕ್ಕ ಕೊಟ್ಟಿತು. ಬರಹದ ಒಂದು ಸಾಮಾನ್ಯ ಪ್ರಶ್ನೆಗೆ 0.24 ವಾಟ್‌-ಅವರ್ ಕರೆಂಟ್, ಅಂದರೆ 9 ವಾಟ್ ಎಲ್‌ಇಡಿ ಬಲ್ಬ್ ಒಂದೂವರೆ ನಿಮಿಷ ಉರಿದಷ್ಟು. ನೀರು ನಾಲ್ಕೈದು ಹನಿ. ಆದರೆ ಇದರಲ್ಲಿ ವಿದ್ಯುತ್ ಸ್ಥಾವರದಲ್ಲಿ ಹೋಗುವ ನೀರು ಸೇರಿಲ್ಲ, ಚಿತ್ರ ಮತ್ತು ವಿಡಿಯೊ ಮಾಡಿಸುವುದು ಸೇರಿಲ್ಲ, ಮಾದರಿಯನ್ನು ತರಬೇತಿ ಮಾಡಿದ ಖರ್ಚೂ ಸೇರಿಲ್ಲ. ಜಿಪಿಟಿ-3 ತರಬೇತಿಗೇ ಸುಮಾರು 12.9 ಲಕ್ಷ ಯೂನಿಟ್ ಆಗಿತ್ತು ಎಂಬ ಅಂದಾಜಿದೆ, ಈಗಿನವು ಅದಕ್ಕಿಂತ ಎಷ್ಟೋ ದೊಡ್ಡವು.

ಹಾಗಾಗಿ ನೀವು ಒಂದು ಪ್ರಶ್ನೆ ಕೇಳಿದ್ದಕ್ಕೆ ಕೊರಗುವುದು ಬೇಡ. ಕಂಪನಿಗಳು ಒಂದೊಂದು ಪ್ರಶ್ನೆಯ ಹನಿ ಲೆಕ್ಕ ತೋರಿಸುವಾಗ ಒಟ್ಟು ಲೆಕ್ಕ ಕೇಳಿ. ಅದೇ ಗೂಗಲ್‌ನ ಒಟ್ಟು ಇಂಗಾಲ 2019ರಿಂದ 2023ರ ಹೊತ್ತಿಗೆ ಶೇ 48 ಏರಿತ್ತು, ಡೇಟಾ ಸೆಂಟರ್‌ಗಳ ಕರೆಂಟ್ ಒಂದು ಮುಖ್ಯ ಕಾರಣ ಎಂದು ಕಂಪನಿಯೇ ಹೇಳಿದೆ.

ಕಾಗದ ಉಳಿಯುತ್ತಲ್ಲ ಡಿಜಿಟಲ್‌ನಿಂದ?

ಉಳಿಯುತ್ತದೆ. ಓಡಾಟವೂ ಉಳಿಯುತ್ತದೆ. ತಾಲ್ಲೂಕು ಕಚೇರಿಗೆ ಬಸ್ ಹತ್ತಿ ಹೋಗುವ ಬದಲು ಪಹಣಿ ಫೋನಿನಲ್ಲೇ ಸಿಕ್ಕರೆ ಅದು ಎಲ್ಲ ರೀತಿಯಲ್ಲೂ ಲಾಭ. ನಮ್ಮ ತಕರಾರು ಫೋನ್ ಬಳಸುವುದಕ್ಕಲ್ಲ, ಎರಡು ವರ್ಷಕ್ಕೊಮ್ಮೆ ಅದನ್ನು ಬಿಸಾಡುವುದಕ್ಕೆ.

ಗುಜರಿಯವರಿಗೆ ಕೊಟ್ರೆ ಆಗಲ್ವಾ? ಅವರು ಹೇಗಿದ್ರೂ ಎಲ್ಲ ಬಿಡಿಸಿ ಮಾರ್ತಾರೆ.

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಗುಜರಿಯವರ ಬಗ್ಗೆ ನನಗೆ ಗೌರವ ಇದೆ. ನಮ್ಮ ದೇಶದಲ್ಲಿ ಇಷ್ಟಾದರೂ ಲೋಹ ವಾಪಸ್ ಬರುತ್ತಿದ್ದರೆ ಅದು ಅವರಿಂದ. ಕೆಡದ ಬಿಡಿಭಾಗಗಳನ್ನು ಹುಡುಕಿ ತೆಗೆದು ರಿಪೇರಿಗೆ ಕೊಡುವುದರಲ್ಲಿ ಅವರಷ್ಟು ಜಾಣರು ಯಾರೂ ಇಲ್ಲ. ತೊಂದರೆ ಶುರುವಾಗುವುದು ಕೊನೆಯ ಹಂತದಲ್ಲಿ, ಬೋರ್ಡಿನಿಂದ ಲೋಹ ತೆಗೆಯುವಾಗ.

ವೈರನ್ನು ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುತ್ತಾರೆ, ಮೇಲಿನ ಪ್ಲಾಸ್ಟಿಕ್ ಸುಡುವಾಗ ಡಯಾಕ್ಸಿನ್ ಎಂಬ ಘೋರ ವಿಷ ಹೊರಬರುತ್ತದೆ. ಬೋರ್ಡನ್ನು ಕೆಂಡದ ಮೇಲಿಟ್ಟು ಕಾಯಿಸಿ ಸೀಸದ ಬೆಸುಗೆ ಕರಗಿಸುತ್ತಾರೆ. ಆಮೇಲೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಆ್ಯಸಿಡ್ ತುಂಬಿ ಅದರೊಳಗೆ ಮುಳುಗಿಸಿ ಚಿನ್ನ ಬಿಡಿಸುತ್ತಾರೆ, ಉಳಿದ ಆ್ಯಸಿಡ್ ಚರಂಡಿಗೆ. ಬರಿಗೈ, ಬಾಯಿಗೊಂದು ಬಟ್ಟೆಯೂ ಇಲ್ಲ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ, ಮತ್ತು ಈ ಕೆಲಸ ನಡೆಯುವುದು ಮಕ್ಕಳು ಆಡುವ ಮನೆಯಂಗಳದಲ್ಲೇ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಇದಕ್ಕೆ ಕುಖ್ಯಾತ. ಮೊರಾದಾಬಾದಿನಲ್ಲಿ ರಾಮಗಂಗಾ ನದಿಯ ದಂಡೆಯ ಮೇಲೆ ಸುಟ್ಟ ಬೋರ್ಡುಗಳ ಕಪ್ಪು ಬೂದಿ ರಾಶಿ ಬಿದ್ದು, ಹಸಿರು ನ್ಯಾಯಮಂಡಳಿ ಮಧ್ಯೆ ಬರಬೇಕಾಯಿತು.

ಇಷ್ಟೆಲ್ಲ ಮಾಡಿದರೂ ಸಿಗುವುದು ಎರಡು ಮೂರು ಲೋಹ ಮಾತ್ರ, ಉಳಿದವು ಬೂದಿಯಲ್ಲೋ ಚರಂಡಿಯಲ್ಲೋ ಹೋಗುತ್ತವೆ. ಕಾಂಗೊದ ಯಾವುದೋ ಹುಡುಗ ಜೀವ ಪಣಕ್ಕಿಟ್ಟು ಅಗೆದ ಕೋಬಾಲ್ಟ್ ಮತ್ತೆ ಯಾರ ಕೈಗೂ ಸಿಗದ ಹಾಗೆ ಹೋಗುತ್ತದೆ. ಇದು ನನಗೆ ಸಹಿಸಲಾಗದ ವಿಷಯ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಹುಟ್ಟಿತು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದದ್ದು ಶೇ 22.3. ಚೀನಾ, ಅಮೆರಿಕ ಬಿಟ್ಟರೆ ಮೂರನೆಯವರು ನಾವೇ.

ಸರಿಯಾಗಿ ಮಾಡುವವರು ಇಲ್ಲವೇ ಇಲ್ಲ ಎಂದಲ್ಲ. ದೇಶದಲ್ಲೇ ಮೊದಲು ಅಧಿಕೃತವಾಗಿ ಇ-ಕಸ ಬಿಡಿಸುವ ಘಟಕ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲಿ, 2005ರಲ್ಲಿ, ಇ-ಪರಿಸರ ಅಂತ. ಕಾನೂನು ಬರುವುದಕ್ಕೂ ಮುಂಚೆ.

ಕಾನೂನು ಏನು ಹೇಳುತ್ತೆ?

2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಮೊದಲು 21 ಬಗೆಯ ಸಾಮಾನು ಪಟ್ಟಿಯಲ್ಲಿತ್ತು, ಈಗ 106. ಮುಖ್ಯ ವಿಷಯ ಏನೆಂದರೆ, ಸಾಮಾನು ಮಾರಿದ ಕಂಪನಿಗೇ ಅದರ ಕಸದ ಹೊಣೆ. ಹಿಂದೆ ಮಾರಿದ್ದರ ತೂಕದಲ್ಲಿ ಮೊದಲ ಎರಡು ವರ್ಷ ಶೇ 60, ಮುಂದಿನ ಎರಡು ವರ್ಷ ಶೇ 70, ಆಮೇಲೆ ಶೇ 80ರಷ್ಟು ಮರುಬಳಕೆ ಮಾಡಿಸಿದ ಪ್ರಮಾಣಪತ್ರ ತೋರಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪ್ರಮಾಣಪತ್ರ ಕೊಂಡುಕೊಳ್ಳುವುದು ಸುಲಭ, ಮನೆ ಮನೆಯಿಂದ ಫೋನ್ ತರಿಸಿಕೊಳ್ಳುವುದು ಕಷ್ಟ. ನಮ್ಮ ಬೀದಿಗೆ ಇವತ್ತಿನವರೆಗೆ ಯಾವ ಕಂಪನಿಯೂ ಬಂದು ಕೇಳಿಲ್ಲ.

ಹಾಗಾದ್ರೆ ಫೋನ್ ಎಷ್ಟು ವರ್ಷ ಇಟ್ಕೊಬೇಕು?

ನಡೆಯುವಷ್ಟು. ಮೂರು ವರ್ಷ ಅಂದುಕೊಂಡಿದ್ದನ್ನು ಆರು ಮಾಡಿದರೆ ಆ 50 ಕೆಜಿ, ಆ ಗಣಿ, ಆ ನೀರು ಎಲ್ಲವೂ ವರ್ಷದ ಲೆಕ್ಕದಲ್ಲಿ ಅರ್ಧವಾಗುತ್ತವೆ. ಮನೆಯಲ್ಲಿ ಕೂತು ನೀವು ಮಾಡಬಹುದಾದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಹೆಚ್ಚಿನವರು ಫೋನ್ ಬದಲಿಸುವುದು ಬ್ಯಾಟರಿ ನಿಲ್ಲುವುದಿಲ್ಲ ಅಂತ. ಬ್ಯಾಟರಿ ಸವೆಯುವ ವಸ್ತು, ಚಪ್ಪಲಿ ಅಟ್ಟೆ ಇದ್ದ ಹಾಗೆ. ಅದನ್ನು ಬದಲಿಸಿ, ಫೋನನ್ನಲ್ಲ. ನನ್ನದೇ ಫೋನ್ ನಾಲ್ಕನೇ ವರ್ಷದಲ್ಲಿ ಚಾರ್ಜ್ ಆಗುವುದು ನಿಲ್ಲಿಸಿದಾಗ, ದೊಡ್ಡ ಸರ್ವಿಸ್ ಸೆಂಟರ್ ಒಂದರಲ್ಲಿ ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಎಂದರು. ಬೇಜಾರಿನಲ್ಲೇ ಎಸ್‌ಪಿ ರಸ್ತೆಯ ಒಂದು ಗೂಡಂಗಡಿಗೆ ಹೋದೆ. ಅಲ್ಲಿನ ಹುಡುಗ ಭೂತಗನ್ನಡಿ ಹಾಕಿಕೊಂಡು ನೋಡಿ, "ಪೋರ್ಟ್ ಅಷ್ಟೇ ಸರ್" ಎಂದು ಅರ್ಧ ಗಂಟೆಯಲ್ಲಿ ಬದಲಿಸಿ ಕೊಟ್ಟ. ಅದಾಗಿ ಎರಡೂವರೆ ವರ್ಷ ಆಯಿತು, ಇದನ್ನು ಟೈಪ್ ಮಾಡುತ್ತಿರುವುದು ಅದರಲ್ಲೇ.

ರಿಪೇರಿ ಮಾಡಿಸುವುದು ನಮ್ಮ ರೂಢಿಯಲ್ಲಿ ಮೊದಲಿಂದ ಇತ್ತು. ಕಂಪನಿಗಳು ಅಂಟು ಹಾಕಿ, ಬಿಡಿಭಾಗ ಕೊಡದೆ ಅದನ್ನು ಕಷ್ಟ ಮಾಡಿದವು. ಯುರೋಪಿನಲ್ಲಿ 2025ರ ಜೂನ್‌ನಿಂದ ಹೊಸ ಫೋನ್‌ಗಳಿಗೆ ಕನಿಷ್ಠ 5 ವರ್ಷ ಸಾಫ್ಟ್‌ವೇರ್, 7 ವರ್ಷ ಬಿಡಿಭಾಗ ಕೊಡಲೇಬೇಕು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಆದರೆ ಯುರೋಪಿನಂತೆ ಕಡ್ಡಾಯ ಬೇಕು.

ಲ್ಯಾಪ್‌ಟಾಪ್ ಚೆನ್ನಾಗಿದೆ, ಆದರೆ ವಿಂಡೋಸ್ 10 ನಿಂತುಹೋಯ್ತಲ್ಲ?

ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಯಂತ್ರ ಗಟ್ಟಿಯಾಗಿದ್ದರೆ ಬಿಸಾಡಬೇಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ, ಉಚಿತ. ಬ್ರೌಸರ್, ಕನ್ನಡ ಟೈಪಿಂಗ್, ಮಕ್ಕಳ ಪಾಠಕ್ಕೆ ಧಾರಾಳವಾಗಿ ಸಾಕು.

ಬ್ಯಾಟರಿ ಉಬ್ಬಿದೆ.

ಚಾರ್ಜ್ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತದ ಪಾತ್ರೆಯಲ್ಲಿ, ಒಣ ಮರಳಿದ್ದರೆ ಅದರೊಳಗಿಟ್ಟು, ಮನೆಯಿಂದ ಹೊರಗೆ ನೆರಳಿನಲ್ಲಿಡಿ, ಆದಷ್ಟು ಬೇಗ ಇ-ಕಸ ಸಂಗ್ರಹಿಸುವವರಿಗೆ ತಲುಪಿಸಿ. ಯಾವ ಕಾರಣಕ್ಕೂ ಕಸದ ಗಾಡಿಗೆ ಹಾಕಬೇಡಿ. ಗಾಡಿಯೊಳಗೆ ಒತ್ತಿದಾಗ ಅದು ಹೊತ್ತಿಕೊಳ್ಳುತ್ತದೆ, ಅಲ್ಲಿರುವವರು ಪೌರಕಾರ್ಮಿಕರು.

ಬೀರುವಿನಲ್ಲಿ ನಾಲ್ಕೈದು ಹಳೇ ಫೋನ್ ಇವೆ. ಫೋಟೋ ಯಾರ ಕೈಗಾದ್ರೂ ಸಿಕ್ಕರೆ ಅಂತ ಭಯ.

ಆ ಭಯ ಸಹಜ, ಎಷ್ಟೋ ಫೋನ್‌ಗಳು ಬೀರುವಿನಲ್ಲೇ ಉಳಿದಿರುವುದು ಅದಕ್ಕೇ. ಆನ್ ಆಗುವುದಾದರೆ ಬೇಕಾದ ಫೋಟೋ ತೆಗೆದಿಟ್ಟುಕೊಂಡು, ಖಾತೆಗಳಿಂದ ಲಾಗ್‌ಔಟ್ ಆಗಿ, ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಲು ಮರೆಯಬೇಡಿ. ಇನ್ನೂ ನಡೆಯುವ ಫೋನ್ ಆದರೆ ಮೊದಲು ಬಳಸುವವರಿಗೆ ಕೊಡಿ. ಊರಿನಲ್ಲಿರುವ ಅಜ್ಜಿಗೆ, ಕೆಲಸದವರ ಮಗನ ಓದಿಗೆ. ಅಂಗಡಿಯ ಎಕ್ಸ್‌ಚೇಂಜ್‌ನಲ್ಲಿ ಕೊಟ್ಟರೂ ಒಳ್ಳೆಯ ಸ್ಥಿತಿಯ ಫೋನ್ ಇನ್ನೊಬ್ಬರ ಕೈ ಸೇರುತ್ತದೆ.

ಆನ್ ಆಗದ್ದನ್ನು ಸುತ್ತಿಗೆಯಿಂದ ಜಜ್ಜಬೇಡಿ, ಒಳಗೆ ಬ್ಯಾಟರಿ ಇದೆ. ಅಧಿಕೃತ ಮರುಬಳಕೆದಾರರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿದೆ. ಒಬ್ಬರ ಐದು ಫೋನಿಗೆ ಯಾರೂ ಗಾಡಿ ಕಳಿಸುವುದಿಲ್ಲ, ಹಾಗಾಗಿ ಬೀದಿಯವರು, ಅಪಾರ್ಟ್‌ಮೆಂಟಿನವರು ಸೇರಿ ಒಂದು ಕ್ವಿಂಟಲ್ ಮಾಡಿ ಕರೆಯಿರಿ. ನಾವು ಶುರುಮಾಡಿದ್ದೂ ಹೀಗೇ. ಕೊಟ್ಟದ್ದಕ್ಕೆ ತೂಕ ಬರೆದ ರಸೀದಿ ಕೇಳಿ, ಡೇಟಾ ನಾಶಮಾಡಿದ ಪತ್ರ ಕೊಡುತ್ತಾರಾ ಎಂದೂ ಕೇಳಿ.

ಬರುವಾಗ ಹಳೇ ಚಾರ್ಜರ್, ಇಯರ್‌ಫೋನ್, ತುಂಡಾದ ಕೇಬಲ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಜನ ಅದನ್ನೇ ಮರೆಯುತ್ತಾರೆ, ತಾಮ್ರ ಇರುವುದು ಅದರಲ್ಲೇ.